ಕಿರಿದಾದ ನೌಕಾಮಾರ್ಗ, ಬೃಹತ್ ಹಡಗು: ಹೊರೆ ಯಾರಿಗೆ?

2024ರ ಮಾರ್ಚ್ 26ರ ನಸುಕಿನಲ್ಲಿ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ ‘ಡಾಲಿ’ ಎಂಬ ಕಂಟೇನರ್ ಹಡಗು ವಿದ್ಯುತ್ ನಿಲುಗಡೆಯಿಂದ ನಿಯಂತ್ರಣ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿಯಿತು. ಸೇತುವೆ ಕುಸಿದು, ದುರಸ್ತಿ ಕಾರ್ಯದಲ್ಲಿದ್ದ ಆರು ಮಂದಿ ಕಾರ್ಮಿಕರು ಅಸುನೀಗಿದರು. ಹಡಗಿನ ಉದ್ದ ಸುಮಾರು 300 ಮೀಟರ್. ಹೂಳೆತ್ತಿ ನಿರ್ಮಿಸಿದ ಮಾರ್ಗದ ಅಗಲ ಸುಮಾರು 213 ಮೀಟರ್, ಆಳ ಕೇವಲ 15 ಮೀಟರ್. ಇಂತಹ ಕಡೆ ಯಂತ್ರ ಸ್ತಬ್ಧವಾದರೆ ಸುಧಾರಿಸಿಕೊಳ್ಳಲು ಸ್ಥಳವೂ ಇಲ್ಲ, ಸಮಯವೂ ಇಲ್ಲ. ಧಕ್ಕೆಯಿಂದ ಹಡಗನ್ನು ಬಿಡಿಸಿದ ಟಗ್ ನೌಕೆಗಳು ಸೇತುವೆ ತಲಪುವ ಮೊದಲೇ ಹಿಂದಿರುಗಿದ್ದವು. ಮಾರ್ಗವು ಪೂರ್ಣವಾಗಿ ತೆರೆದದ್ದು ಜೂನ್ 10ರಂದು.

ಹಡಗು ದೊಡ್ಡದಾದಷ್ಟೂ ಪ್ರತಿ ಕಂಟೇನರಿನ ಸಾಗಣೆ ವೆಚ್ಚ ಇಳಿಯುವುದು ನಿಜ. ಆದರೆ ಅಪಘಾತದ ಹೊರೆಯಲ್ಲಿ ಸರಕಿನ ಒಡೆಯನಿಗೂ ಪಾಲುಂಟು. ಡಾಲಿಯ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಅಂದರೆ ಹಡಗನ್ನೂ ಸರಕನ್ನೂ ಉಳಿಸಲು ತಗುಲಿದ ವೆಚ್ಚವನ್ನು ಹಡಗಿನ ಹಾಗೂ ಸರಕಿನ ಮಾಲೀಕರೆಲ್ಲರೂ ಮೌಲ್ಯಾನುಸಾರ ಹಂಚಿಕೊಳ್ಳಬೇಕು. ತನ್ನ ಸರಕಿಗೆ ಕಿಂಚಿತ್ತೂ ಹಾನಿಯಾಗದಿದ್ದರೂ, ಠೇವಣಿ ಅಥವಾ ಖಾತರಿಪತ್ರ ನೀಡದೆ ವರ್ತಕನಿಗೆ ಅದು ಕೈಸೇರದು. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಲುಕಿದ ‘ಎವರ್ ಗಿವನ್’ ಪ್ರಕರಣದಲ್ಲಿಯೂ ಇದೇ ಘೋಷಣೆ ಹೊರಬಿದ್ದಿತ್ತು.

ಆದುದರಿಂದ ಕಿರಿದಾದ ಮಾರ್ಗ ಮುಗಿಯುವವರೆಗೂ ಬೃಹತ್ ಹಡಗುಗಳಿಗೆ ಟಗ್ ಬೆಂಗಾವಲು ಕಡ್ಡಾಯವಾಗಬೇಕು. ಅದರ ಶುಲ್ಕ ಸಾಗಣೆ ದರಕ್ಕೆ ಸೇರಿದರೂ ವರ್ತಕ ಬಾಂಧವರು ವಿರೋಧಿಸಬಾರದು. ಸಾವಿರಾರು ಕಂಟೇನರುಗಳಿಗೆ ಹಂಚಿದಾಗ ಅದು ಅಲ್ಪವೇ ಸರಿ. ಅಲ್ಲಿಯವರೆಗೆ, ಒಂದೇ ಕಂಟೇನರ್ ಕಳುಹಿಸುವ ಸಣ್ಣ ಉದ್ಯಮಿಯೂ ಸಾಗರ ವಿಮೆಯಿಲ್ಲದೆ ಸರಕನ್ನು ಹಡಗಿಗೇರಿಸದಿರುವುದು ಶ್ರೇಯಸ್ಕರ.