ಯಂತ್ರಕ್ಕೆ ಬುದ್ಧಿ ಬಂದೀತು, ಹೊಣೆ ಬಂದೀತೆ?

ಮನುಷ್ಯನನ್ನು ಎರಡು ಚಿಂತೆಗಳು ಎಂದೂ ಬಿಟ್ಟದ್ದಿಲ್ಲ. ಒಂದು ಇಂದಿನ ಅನ್ನದ ಚಿಂತೆ, ಇನ್ನೊಂದು ಮಕ್ಕಳ ನಾಳೆಯ ಅನ್ನದ ಚಿಂತೆ. ಮೊದಲನೆಯದನ್ನು ಮೈಮುರಿದು ದುಡಿದು ಕಳೆದುಕೊಳ್ಳಬಹುದು. ಎರಡನೆಯದು ಮುಪ್ಪಿನಲ್ಲಿ ಬಂದು ನಿದ್ದೆಯನ್ನು ಕೆಡಿಸುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ದನಗಳ ಜಾತ್ರೆ ನೆರೆದಿದ್ದಾಗ ಆ ದಾರಿಯಾಗಿ ಹೋಗುತ್ತಿದ್ದ ನಾವು ಸ್ವಲ್ಪ ಹೊತ್ತು ಹೇಮಾವತಿಯ ದಡದಲ್ಲಿ ನಿಂತಿದ್ದೆವು. ಒಂದು ಜೊತೆ ಎತ್ತು ಮಾರಲು ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದು ನಮಸ್ಕರಿಸಿದರು. ಮುಖದಲ್ಲಿ ಕಳೆಯಿರಲಿಲ್ಲ. ಏನು ಸಮಾಚಾರವೆಂದು ಕೇಳಿದೆವು. "ಬುದ್ಧೀ, ನಮ್ ಮೊಮ್ಮಗ ಬೆಂಗ್ಳೂರಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದ್ತಾವ್ನೆ. ಅವನ ಫೀಜಿಗೆ ಜಮೀನು ಅಡ ಇಟ್ಟಿವ್ನಿ, ಈಗ ಎತ್ತೂ ಮಾರ್ತಿವ್ನಿ. ನೋಡಿದ್ರೆ ಅದ್ಯಾವ್ದೋ ಕೃತಕ ಬುದ್ಧಿ ಬಂದದಂತೆ. ಇವನು ಮಾಡೋ ಕೆಲ್ಸನೆಲ್ಲ ಅದೇ ಮಾಡ್ತದಂತೆ. ಇನ್ ಯಾವ ಕೆಲ್ಸ ಉಳೀತದೆ, ತಾವೇ ಹೇಳ್ಬೇಕು" ಎಂದರು.

ನಮ್ಮನ್ನು ‘ಬುದ್ಧಿ’ ಎಂದು ಕರೆಯುವ ಜನ ಇನ್ನೊಂದು ಬುದ್ಧಿಯ ವಿಷಯವಾಗಿ ನಮ್ಮನ್ನೇ ಪ್ರಶ್ನೆ ಕೇಳುವ ಕಾಲ ಬಂತಲ್ಲ ಎಂದು ನಗು ಬಂದರೂ ಆ ಹಿರಿಯರ ಕಣ್ಣು ನೋಡಿ ನಗಲಾಗಲಿಲ್ಲ. ವಿಚಾರ ಮಾಡಿ ಹೇಳುತ್ತೇವೆ ಎಂದು ಹೇಳಿ ಬಂದೆವು. ಅವರಿಗೆ ಕೊಡಬೇಕಾದ ಉತ್ತರವೇ ಇಂದಿನ ಈ ಮಾತು.

ಮೊದಲು ಈ ಕೃತಕ ಬುದ್ಧಿ ಎಂದರೇನೆಂದು ತಿಳಿಯಬೇಕು. ಇದು ಭೂತವೂ ಅಲ್ಲ, ದೇವರೂ ಅಲ್ಲ. ಲೋಕದ ಅಪಾರ ಬರಹವನ್ನು ಓದಿಸಿ, ಯಾವ ಮಾತಿನ ಮುಂದೆ ಯಾವ ಮಾತು ಬರುತ್ತದೆ ಎಂಬುದನ್ನು ರೂಢಿ ಮಾಡಿಸಿದ ಲೆಕ್ಕದ ಯಂತ್ರ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಹೆಸರಿನಲ್ಲಿ ಅದು ಜನಸಾಮಾನ್ಯರ ಕೈಗೆ ಬಂತು. ಅರ್ಜಿ ಬರೆಯುತ್ತದೆ, ಲೆಕ್ಕ ಮಾಡುತ್ತದೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸುತ್ತದೆ, ಕಂಪ್ಯೂಟರಿಗೆ ಬೇಕಾದ ಆಜ್ಞೆಗಳನ್ನೂ ತಾನೇ ಬರೆದುಕೊಡುತ್ತದೆ. ಕೆಲವು ಸಲ ಇಲ್ಲದ್ದನ್ನು ಇದೆ ಎಂದೂ ಹೇಳುತ್ತದೆ. ಹೀಗೆ ಹೇಳಿದೆನಲ್ಲಾ ಎಂಬ ಸಂಕೋಚ ಮಾತ್ರ ಅದಕ್ಕಿಲ್ಲ.

ಅದಕ್ಕೆ ಕನ್ನಡ ಕಲಿಸಿದವರು ಯಾರು? ನಮ್ಮವರೇ. 2023ರ ಸುಮಾರಿಗೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳು ಮನೆಗೆಲಸದ ನಡುವೆ ಮೊಬೈಲ್ ಹಿಡಿದು ಕನ್ನಡದ ವಾಕ್ಯಗಳನ್ನು ಓದಿ ಹೇಳುತ್ತಿದ್ದರು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಅದಕ್ಕೆ ಗಂಟೆಗೆ ಸುಮಾರು 400 ರೂಪಾಯಿಯಂತೆ ಕೊಡುತ್ತಿತ್ತು. ಆ ಧ್ವನಿಗಳಿಂದ ಯಂತ್ರಕ್ಕೆ ನಮ್ಮ ಮಾತು ತಿಳಿಯಿತು. ಇದು ಜೀವಮಾನದ ಉದ್ಯೋಗವಲ್ಲ, ಕೈಗೆ ಸಿಕ್ಕ ಮೇಲುಸಂಪಾದನೆ. ಆದರೂ ನೆನಪಿಡಬೇಕಾದ ಸಂಗತಿ. ಯಂತ್ರದ ಬುದ್ಧಿಯೆಂಬುದು ಮನುಷ್ಯರಿಂದ ಪಡೆದ ಕಡವೇ ಹೊರತು ಸ್ವಂತದ್ದಲ್ಲ.

ಇನ್ನು ಯಾವ ಕೆಲಸ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬ ಪ್ರಶ್ನೆ. ಭವಿಷ್ಯ ಹೇಳುವುದರಲ್ಲಿ ಪಂಡಿತರೂ ಎಡವುತ್ತಾರೆ. ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರಿಗೆ 2024ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರೇ 2016ರಲ್ಲಿ, ಎಕ್ಸ್‌ರೇ ಮತ್ತು ಸ್ಕ್ಯಾನ್ ನೋಡಿ ರೋಗ ಹೇಳುವ ವೈದ್ಯರನ್ನು ಇನ್ನು ಮುಂದೆ ತಯಾರು ಮಾಡುವುದೇ ಬೇಡ, ಐದು ವರ್ಷಗಳಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದಿದ್ದರು. ಐದಲ್ಲ, ಅದಕ್ಕಿಂತ ಹೆಚ್ಚು ವರ್ಷಗಳಾದವು, ಆ ವೈದ್ಯರಿಗೆ ಬೇಡಿಕೆ ಇದ್ದೇ ಇದೆ. 2025ರಲ್ಲಿ ಅದೇ ಹಿಂಟನ್, ನಲ್ಲಿ ಕೊಳಾಯಿಯ ಕೆಲಸ ಕಲಿಯುವುದು ಒಳ್ಳೆಯದು ಎಂಬರ್ಥದ ಮಾತನ್ನಾಡಿದರು. ಇತ್ತ 2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ಸುಮಾರು 12 ಸಾವಿರ ನೌಕರರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿ ಅದಕ್ಕೆ ಕಾರಣವಲ್ಲ, ಹೊಸ ಕೌಶಲಕ್ಕೆ ಹೊಂದದಿರುವುದು ಕಾರಣ ಎಂದು ಕಂಪನಿಯೇ ಹೇಳಿದರೂ ಹಳ್ಳಿಯಲ್ಲಿ ಕುಳಿತ ತಂದೆತಾಯಿಗಳ ಎದೆ ನಡುಗಿದ್ದು ಸುಳ್ಳಲ್ಲ.

ಆದ್ದರಿಂದ ಭವಿಷ್ಯ ಬಿಟ್ಟು, ನಮ್ಮ ಕಣ್ಣಮುಂದೆ ನಡೆದುಹೋದದ್ದನ್ನು ನೋಡೋಣ. ಹಿಂದೆ ಊರಿನ ಪಹಣಿ ಶಾನುಭೋಗರ ಕೈಬರಹದಲ್ಲಿತ್ತು. ಅವರ ವಂಶಪಾರಂಪರ್ಯದ ಹುದ್ದೆ 1960ರ ದಶಕದಲ್ಲಿ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. 2000ದ ಆಚೆಗೆ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. ಬರೆಯುವ ಕೆಲಸವೇ ಹೋಯಿತಲ್ಲ, ಹುದ್ದೆಯೂ ಹೋಯಿತೆ? ಇಲ್ಲ. ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರಿನಿಂದ ಅದು ಉಳಿದಿದೆ. 2024ರಲ್ಲಿ ಸರ್ಕಾರ ಸಾವಿರ ಜನರ ನೇಮಕಕ್ಕೆ ಪರೀಕ್ಷೆ ನಡೆಸಿತು. ಏಕೆಂದರೆ ಬದುವಿನ ಮೇಲೆ ನಡೆದುಹೋಗಿ, ಬೆಳೆ ಹೋಯಿತೋ ಇಲ್ಲವೋ ಎಂದು ಕಣ್ಣಿಂದ ನೋಡಿ, ಹೌದು ಎಂದು ರುಜು ಹಾಕುವ ಒಬ್ಬ ಮನುಷ್ಯ ಬೇಕೇ ಬೇಕು. ಬರಹ ಯಂತ್ರಕ್ಕೆ ಹೋಯಿತು, ಹೊಣೆ ಮನುಷ್ಯನಲ್ಲಿ ನಿಂತಿತು.

ನೀರಿನ ಲೆಕ್ಕವೂ ಹಾಗೆಯೇ. 2023ರಲ್ಲಿ ಉದ್ಘಾಟನೆಯಾದ ಯೋಜನೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ವ್ಯವಸ್ಥೆಯಾಗಿದೆ. ನಾಳೆ ನಮ್ಮ ಹೇಮಗಿರಿ ನಾಲೆಗೂ ಅದು ಬರಬಹುದು, ಬರಲಿ. ಆದರೆ ಬೇಸಗೆಯ ನಡುರಾತ್ರಿ ತೂಬಿನ ಬಳಿ ಇಬ್ಬರು ಗುದ್ದಲಿ ಹಿಡಿದು ನಿಂತಾಗ ಬಿಡಿಸುವುದು ಯಂತ್ರವಲ್ಲ. ಊರಿನ ನೀರುಗಂಟಿ ಬಂದು, ‘ಇವತ್ತು ನಿಂದು, ನಾಳೆ ಅವಂದು, ತಪ್ಪಿದರೆ ನನ್ನನ್ನು ಕೇಳು’ ಎಂದರೆ ಗುದ್ದಲಿ ಕೆಳಗಿಳಿಯುತ್ತದೆ. ‘ನನ್ನನ್ನು ಕೇಳು’ ಎಂದು ಎದೆ ಮುಟ್ಟಿ ಹೇಳುವವನು ಎಲ್ಲಿ ಬೇಕೋ ಅಲ್ಲಿ ಮನುಷ್ಯನ ಕೆಲಸ ಉಳಿಯುತ್ತದೆ. ನಮಗೆ ಕಂಡ ಅಳತೆಗೋಲು ಇದು.

ಈ ಕೋಲಿನಿಂದ ಅಳೆದು ನೋಡಿ. ಕುಳಿತಲ್ಲೇ ಕುಳಿತು, ಒಬ್ಬರು ಕೊಟ್ಟದ್ದನ್ನು ಇನ್ನೊಂದು ರೂಪಕ್ಕೆ ತಿರುಗಿಸಿಕೊಡುವ ಕೆಲಸಗಳಿಗೆ ಹೆಚ್ಚಿನ ಅಪಾಯವಿದೆ. ಪಟ್ಟಿ ತುಂಬುವುದು, ಫೋನಿನಲ್ಲಿ ಒಂದೇ ಉತ್ತರ ಹೇಳುವುದು, ಸಾಧಾರಣ ಭಾಷಾಂತರ, ಕಂಪ್ಯೂಟರ್ ಕಂಪನಿಗಳಲ್ಲಿ ಹೊಸಬರಿಗೆ ಕೊಡುತ್ತಿದ್ದ ಪ್ರಾರಂಭದ ಕೆಲಸ ಇವೆಲ್ಲ ಅಂಥವು. ಬಾವಿಯೊಳಗೆ ಇಳಿದು ಮೋಟಾರು ರಿಪೇರಿ ಮಾಡುವವನು, ಹಳೆ ಮನೆಯ ಗೋಡೆ ಬಿಚ್ಚಿ ವೈರಿಂಗ್ ಮಾಡುವವನು, ನಾಗಮಂಗಲದಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುವ ಶಿಲ್ಪಿ, ರಾತ್ರಿ ಹಸು ಈಯಲಾರದೆ ಒದ್ದಾಡುವಾಗ ತೋಳು ಮಡಿಸಿ ನಿಲ್ಲುವ ಪಶುವೈದ್ಯ, ಬಾಣಂತಿಯ ಮನೆಗೆ ಬರುವ ಆಶಾ ಕಾರ್ಯಕರ್ತೆ, ಹಾಸಿಗೆ ಹಿಡಿದ ಮುದುಕರ ಮೈ ಒರೆಸುವ ದಾದಿ, ಮಗು ಏಕೆ ಮಂಕಾಗಿದೆ ಎಂದು ಮುಖ ನೋಡಿಯೇ ತಿಳಿಯುವ ಪ್ರಾಥಮಿಕ ಶಾಲೆಯ ಮೇಷ್ಟ್ರು, ಇವರ ಕೆಲಸವನ್ನು ಯಂತ್ರ ಸುಲಭಕ್ಕೆ ಕಸಿಯಲಾರದು. ಅವರ ಕೈಗೆ ಅದು ಒಂದು ಉಪಕರಣವಾಗಿ ಬರಬಹುದು, ಅಷ್ಟೆ.

ಇದರಲ್ಲಿ ನಮ್ಮನ್ನೂ ನಾವು ಬಿಡುವುದಿಲ್ಲ. ಪ್ರವಚನ ಬರೆದುಕೊಡು ಎಂದರೆ ಆ ಯಂತ್ರ ಕ್ಷಣದಲ್ಲಿ ಬರೆಯುತ್ತದೆ. ಸ್ವಾಮಿಗಳ ಕೆಲಸ ಪ್ರವಚನ ಮಾತ್ರವೇ ಆಗಿದ್ದರೆ ನಮಗೂ ಅಪಾಯವಿದೆ. ಸಾವಾದ ಮನೆಯ ಜಗಲಿಯ ಮೇಲೆ ಮಾತಿಲ್ಲದೆ ಒಂದು ತಾಸು ಕುಳಿತು ಬರುವುದು, ಮುನಿದ ಅಣ್ಣತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ಇವು ನಮ್ಮ ಕೆಲಸವಾಗಿ ಉಳಿದರೆ ನಾವೂ ಉಳಿದೇವು.

ಕಾಯಕ ತತ್ವವನ್ನು ಜಗತ್ತಿಗೆ ಕೊಟ್ಟ ಅಣ್ಣ ಬಸವಣ್ಣನವರು ಬಿಜ್ಜಳನಲ್ಲಿ ಸೇರಿದ್ದು ಯಾವ ಕೆಲಸಕ್ಕೆ? ಕರಣಿಕರಾಗಿ, ಲೆಕ್ಕ ಬರೆಯುವುದಕ್ಕೆ. ಇಂದಿನ ಎಣಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವ ಕೆಲಸ ಅದೇ. ಆದರೆ ಕರಣಿಕರು ಭಂಡಾರಿಗಳಾದದ್ದು ಕೂಡಿಸಿ ಕಳೆಯುವ ಜಾಣತನ ಒಂದರಿಂದಲೇ ಅಲ್ಲ. ಭಂಡಾರದ ಕೀಲಿಕೈಯನ್ನು ನಂಬಿ ಕೊಡಬಹುದಾದ ಮನುಷ್ಯ ಎಂಬ ಕಾರಣದಿಂದ. ಅಂಬಿಗರ ದೋಣಿಗೆ ಸೇತುವೆ ಬಂತು, ಗಾಣಕ್ಕೆ ಗಿರಣಿ ಬಂತು, ನುಲಿಯ ಹಗ್ಗಕ್ಕೆ ನೈಲಾನ್ ಬಂತು. ಚೌಡಯ್ಯನವರೂ ಗಾಣದ ಕಣ್ಣಪ್ಪನವರೂ ನುಲಿಯ ಚಂದಯ್ಯನವರೂ ಇಂದಿಗೂ ಪೂಜ್ಯರಾಗಿದ್ದಾರೆ. ಅವರು ಮಾಡಿದ ಕೆಲಸದ ರೂಪ ಅಳಿಯಿತು, ಮಾಡಿದ ನಿಷ್ಠೆ ಅಳಿಯಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಮಾಧಾನದ ಮಾತು. ಇನ್ನು ಹೇಳುವುದು ಸ್ವಲ್ಪ ಕಹಿ. ಯಂತ್ರಕ್ಕೆ ನಿಲುಕದ ಕೆಲಸಗಳೆಂದು ಮೇಲೆ ಎಣಿಸಿದೆವಲ್ಲ, ಅವುಗಳಲ್ಲಿ ಮೋಟಾರು ಕೆಲಸದ ಹುಡುಗನಿಗೆ, ಗಾರೆ ಕೆಲಸದವನಿಗೆ ಮನೆಯ ಹೆಣ್ಣು ಕೊಡುತ್ತೀರಾ? 2023ರ ಫೆಬ್ರುವರಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯದೇ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು. ಅವರಲ್ಲಿ ಬಹುಮಂದಿ ರೈತರ ಮಕ್ಕಳು. ದೇವರಲ್ಲಿ ಅವರು ಬೇಡಿಕೊಂಡದ್ದು ಒಂದು ಹೆಣ್ಣನ್ನು. ಪತ್ರಿಕೆಗಳು ಅದನ್ನು ವಿನೋದವೆಂಬಂತೆ ಬರೆದವು, ಜನ ನಕ್ಕರು. ನಮಗೆ ನಗು ಬರಲಿಲ್ಲ. ಅನ್ನ ಬೆಳೆಯುವವನಿಗೆ ಮನೆ ಕಟ್ಟಿಕೊಳ್ಳುವ ಯೋಗ್ಯತೆಯಿಲ್ಲವೆಂದು ಹೇಳಿದ್ದು ಯಂತ್ರವೆ? ಹೇಳಿದವರು ನಾವು ನೀವೇ.

ಬೇಸಾಯ ನಿಶ್ಚಿಂತೆಯ ಬದುಕೆಂದು ನಾವು ಹೇಳುತ್ತಿಲ್ಲ. ಕೃತಕ ಬುದ್ಧಿಯಿಂದ ಪಾರಾದರೂ ಮಳೆಯಿಂದ, ಬೆಲೆಯಿಂದ, ಸಾಲದಿಂದ ಪಾರಾಗಲಿಲ್ಲ. ಕಬ್ಬು ಕಡಿಯುವುದಕ್ಕೂ ಭತ್ತ ಕೊಯ್ಯುವುದಕ್ಕೂ ಯಂತ್ರ ಬಂದು ಕೂಲಿಯವರ ಕೆಲಸ ಈಗಾಗಲೇ ಕಡಿಮೆಯಾಗಿದೆ. ಹೆಣ್ಣುಮಕ್ಕಳು ತಮ್ಮ ಬಾಳಿನ ಭದ್ರತೆ ಯೋಚಿಸುವುದೂ ತಪ್ಪಲ್ಲ. ನಮ್ಮ ಮಾತು ಇಷ್ಟೆ. ಯಾವ ನೌಕರಿಯನ್ನು ಭದ್ರವೆಂದು ನಂಬಿ ಜಮೀನು ಅಡವಿಟ್ಟೆವೋ ಅದೇ ಈಗ ಅಲುಗಾಡುತ್ತಿದೆ. ಯಾವುದನ್ನು ಕೀಳೆಂದು ಕಡೆಗಣಿಸಿದೆವೋ ಅದು ಗಟ್ಟಿಯಾಗಿ ನಿಂತಿದೆ. ಇದನ್ನು ಕಂಡ ಮೇಲಾದರೂ ಹಿರಿಯರು ತಮ್ಮ ತಕ್ಕಡಿಯನ್ನು ಸರಿಮಾಡಿಕೊಳ್ಳಬೇಕು. ಸಂಬಂಧ ನೋಡುವಾಗ ಹುಡುಗನಿಗೆ ಬೆಂಗಳೂರಿನಲ್ಲಿ ಸಂಬಳವೆಷ್ಟು ಎಂದು ಮೊದಲು ಕೇಳಬೇಡಿ. ಹುಡುಗ ಕೈಹಿಡಿದ ಕೆಲಸವನ್ನು ಮುಗಿಸುತ್ತಾನೆಯೆ, ಕೊಟ್ಟ ಮಾತಿಗೆ ನಿಲ್ಲುತ್ತಾನೆಯೆ ಎಂದು ಕೇಳಿ. ಶ್ರೀಮಠಕ್ಕೆ ಸಂಬಂಧದ ಮಾತಿಗೆ ಬರುವವರನ್ನು ಇನ್ನು ಮುಂದೆ ನಾವು ಇದನ್ನೇ ಕೇಳುತ್ತೇವೆ.

ಓದುತ್ತಿರುವ ಮಕ್ಕಳು ಓದು ಬಿಡಬಾರದು. ಕಂಪ್ಯೂಟರ್ ಕಲಿಯುವವನು ಯಂತ್ರ ಬರೆದದ್ದರಲ್ಲಿ ತಪ್ಪೆಲ್ಲಿದೆ ಎಂದು ಹಿಡಿಯುವಷ್ಟು ಆಳವಾಗಿ ಕಲಿಯಲಿ, ಅದಕ್ಕೆ ತಾನು ಜವಾಬ್ದಾರ ಎಂದು ರುಜು ಹಾಕುವಷ್ಟು ಧೈರ್ಯ ಬೆಳೆಸಿಕೊಳ್ಳಲಿ. ಇನ್ನೂ ದಾರಿ ಆರಿಸಿಕೊಳ್ಳದ ಮಕ್ಕಳಿಗೆ ಐಟಿಐ, ದಾದಿಯರ ಶಿಕ್ಷಣ, ಪಶುವೈದ್ಯ ಶಿಕ್ಷಣಗಳೂ ಗೌರವದ ದಾರಿಗಳೆಂದು ಮನೆಯಲ್ಲಿ ಹೇಳಿ. ನೆರೆಮನೆಯವನ ಮಗ ಹೋದನೆಂದು ಜಮೀನು ಅಡವಿಡುವ ಮೊದಲು ಮಗುವಿನ ಒಲವೇನೆಂದು ಒಂದು ಮಾತು ಕೇಳಿ.

ಹೇಮಗಿರಿಯ ಆ ಹಿರಿಯರ ಎತ್ತುಗಳು ಅಂದೇ ಮಾರಾಟವಾದವು. ಕೊಳ್ಳಲು ಬಂದವನು ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿತು. ಕೊನೆಯಲ್ಲಿ ಹಿರಿಯರು, "ನೊಗದಲ್ಲಿ ಮಲಗಿದ್ರೆ ವಾಪಸ್ ತಂದು ನನ್ನ ಕೊಟ್ಟಿಗೇಲಿ ಕಟ್ಟು, ದುಡ್ಡು ಕೊಡ್ತೀನಿ" ಎಂದರು. ಅಷ್ಟು ಮಾತಿಗೆ ವ್ಯಾಪಾರ ಮುಗಿಯಿತು, ಕಾಗದವಿಲ್ಲ, ಪತ್ರವಿಲ್ಲ. ನಮ್ಮನ್ನು ಅವರು ಕೇಳಿದ ಪ್ರಶ್ನೆಗೆ ಉತ್ತರ ಅವರ ಬಾಯಲ್ಲಿಯೇ ಇತ್ತು. ಆ ಒಂದು ಗುಣವನ್ನು ಮೊಮ್ಮಗನಿಗೂ ಕಲಿಸಿದರೆ ಆತ ಯಾವ ಕೆಲಸದಲ್ಲಿದ್ದರೂ ಬಾಳಿಯಾನು.

ಎಲ್ಲರ ಮನೆಯ ಮಕ್ಕಳ ಕೈಗೆ ಕೆಲಸವೂ, ಕೆಲಸಕ್ಕೆ ಗೌರವವೂ ದೊರೆಯಲಿ. ಸದ್ಭಕ್ತರೆಲ್ಲರಿಗೂ ಸನ್ಮಂಗಳವಾಗಲೆಂದು ಹಾರೈಸುತ್ತೇವೆ.