ಮದ್ದಿಗೆ ದಾರಿ ತೋರಿಸುವವರು ಯಾರು?

ತಲೆನೋವೆಂದು ಮಾತ್ರೆಯೊಂದನ್ನು ನೀರಿನೊಡನೆ ನುಂಗುವ ತಾಯಿಯನ್ನು ಕಂಡು ಮಗು ಕೇಳುವುದುಂಟು: “ಅಮ್ಮ, ಮಾತ್ರೆ ಹೋದದ್ದು ಹೊಟ್ಟೆಗೆ, ನೋವಿರುವುದು ತಲೆಯಲ್ಲಿ. ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ?” ದೊಡ್ಡವರು ಇಂಥ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದೇ ವಾಡಿಕೆ. ಆದರೆ ಔಷಧಶಾಸ್ತ್ರದ ಮೊದಲ ಪಾಠವೆಲ್ಲ ಅದರೊಳಗೇ ಅಡಗಿದೆ. ಉತ್ತರ ಸರಳವಾದುದು: ಮಾತ್ರೆಗೆ ದಾರಿ ಗೊತ್ತಿಲ್ಲ. ಅದು ಹೊಟ್ಟೆಯಲ್ಲಿ ಕರಗಿ, ಕರುಳಿನ ಗೋಡೆಯನ್ನು ದಾಟಿ, ರಕ್ತವನ್ನು ಸೇರಿ, ರಕ್ತ ಹರಿಯುವೆಡೆಗೆಲ್ಲ ಹರಿಯುತ್ತದೆ. ತಲೆಗೆ ಹೋದಂತೆಯೇ ಕಾಲಿನ ಕಿರುಬೆರಳಿಗೂ ಹೋಗುತ್ತದೆ. ತನಗೆ ಒಪ್ಪುವ ಕೆಲಸ ಎಲ್ಲಿ ಸಿಕ್ಕಿತೋ ಅಲ್ಲಿ ಮಾಡುತ್ತದೆ; ಬೇಡದ ಕಡೆಯಲ್ಲಿಯೂ ಒಮ್ಮೊಮ್ಮೆ ಕೈಹಾಕುತ್ತದೆ. ಈ ಎರಡನೆಯದನ್ನೇ ಅಡ್ಡಪರಿಣಾಮವೆಂದು ಕರೆಯುವುದು.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆ ಎಂಬ ಸ್ಥಳವಿದೆ. ಊರೊಳಗೆ ಬರುವ ಸರಕು ಕಟ್ಟೆಯಲ್ಲಿ ಸುಂಕ ತೆತ್ತು ಬರಬೇಕಾಗಿದ್ದ ಕಾಲವನ್ನು ನೆನಪಿಸುವ ಹೆಸರು ಅದು. ದೇಹದಲ್ಲಿಯೂ ಇಂಥದೊಂದು ಕಟ್ಟೆಯುಂಟು, ಅದೇ ಪಿತ್ತಜನಕಾಂಗ. ಹೊಟ್ಟೆ ಕರುಳುಗಳಿಂದ ಹೊರಟ ರಕ್ತ ಮೊದಲು ಈ ಅಂಗವನ್ನು ಹೊಕ್ಕೇ ಮುಂದಕ್ಕೆ ಸಾಗಬೇಕು. ಅಲ್ಲಿ ಔಷಧದ ಒಂದು ಪಾಲು ಮಾರ್ಪಟ್ಟು ನಿಷ್ಫಲವಾಗುತ್ತದೆ. ಕೆಲವು ಔಷಧಗಳಿಗೆ ಈ ಸುಂಕ ಎಷ್ಟು ದುಬಾರಿಯೆಂದರೆ, ನುಂಗಿದ್ದರಲ್ಲಿ ಬಹುಪಾಲು ಅಲ್ಲಿಯೇ ಮುಗಿದುಹೋಗುತ್ತದೆ. ಎದೆನೋವು ಬಂದಾಗ ಹೃದ್ರೋಗಿಗಳು ನೈಟ್ರೇಟು ಜಾತಿಯ ಮಾತ್ರೆಯನ್ನು ನುಂಗದೆ ನಾಲಗೆಯ ಕೆಳಗೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಆ ಜಾಗದ ರಕ್ತ ಕಟ್ಟೆಯನ್ನು ಬಳಸಿಕೊಂಡು ನೇರವಾಗಿ ಹೃದಯದ ಕಡೆಗೆ ಹೋಗುತ್ತದೆ. ಅವಸರದಲ್ಲಿ ಅದನ್ನು ನೀರಿನೊಡನೆ ನುಂಗಿಬಿಟ್ಟರೆ ಅತ್ಯಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆ.

ಒಳಗೆ ಬಂದ ಮದ್ದು ಹೊರಗೆ ಹೋಗುವ ಬಗೆಯೂ ತಿಳಿಯತಕ್ಕದ್ದೇ. ರಕ್ತದಲ್ಲಿರುವ ಔಷಧದ ಮೊತ್ತ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯುವೆಂದು ಹೆಸರು. ಪೆನಿಸಿಲಿನ್ನಿನ ಅರ್ಧಾಯು ಸುಮಾರು ಅರ್ಧ ಗಂಟೆ. ಎಂದರೆ ಎರಡು ಗಂಟೆ ಕಳೆಯುವಷ್ಟರಲ್ಲಿ ರಕ್ತದಲ್ಲಿ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಮಿಕ್ಕದ್ದನ್ನೆಲ್ಲ ಮೂತ್ರಪಿಂಡಗಳು ಹೊರಕ್ಕೆ ಚೆಲ್ಲಿಬಿಡುತ್ತವೆ. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಈ ಮದ್ದನ್ನು ಕೊಟ್ಟಾಗ, ಇದ್ದ ದಾಸ್ತಾನು ಅತ್ಯಲ್ಪವಾಗಿದ್ದುದರಿಂದ, ಅವನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಅವನಿಗೇ ಚುಚ್ಚಿದರು. ಅವನು ಚೇತರಿಸಿಕೊಳ್ಳುತ್ತಿದ್ದುದೂ ನಿಜ. ಕಡೆಗೆ ಮದ್ದು ಪೂರ್ತಿ ಮುಗಿಯಿತು, ರೋಗ ಮರಳಿತು, ಅವನು ಉಳಿಯಲಿಲ್ಲ.

ಇಂದು ಬೆಂಗಳೂರಿನ ಪೀಣ್ಯದಲ್ಲಿಯೇ ಇಂಥ ಮದ್ದುಗಳು ತಯಾರಾಗುತ್ತವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂಡಿ 1981ರಲ್ಲಿ ಸ್ಥಾಪಿಸಿದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯ ಕಾರ್ಖಾನೆ ಇರುವುದು ಅಲ್ಲಿ, ಲೇತು ಯಂತ್ರಗಳ ಮತ್ತು ಎರಕದ ಮನೆಗಳ ನಡುವೆ. ಪೆನಿಸಿಲಿನ್ ಮತ್ತು ಅದರ ದಾಯಾದಿಯಾದ ಅಮಾಕ್ಸಿಸಿಲಿನ್ ರೋಗಾಣುವಿನ ಮೈಗೋಡೆಯನ್ನು ಕಟ್ಟಗೊಡುವುದಿಲ್ಲ. ಗೋಡೆಯಿಲ್ಲದ ರೋಗಾಣು ಒಡೆದು ಸಾಯುತ್ತದೆ. ಮನುಷ್ಯನ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲವಾದುದರಿಂದ ಅದಕ್ಕೆ ಆ ಪೆಟ್ಟು ತಗಲುವುದಿಲ್ಲ. ನೆಗಡಿಯನ್ನು ತರುವ ವೈರಸ್ಸಿಗೂ ಗೋಡೆಯಿಲ್ಲ. ಆದುದರಿಂದ ನೆಗಡಿಗೆ ಅಮಾಕ್ಸಿಸಿಲಿನ್ ನುಂಗುವುದೆಂದರೆ ಇಲ್ಲದ ಗೋಡೆಗೆ ಗುದ್ದಲಿ ಹಾಕಿದಂತೆ. ಅಮಾಕ್ಸಿಸಿಲಿನ್ನಿನ ಅರ್ಧಾಯು ಸುಮಾರು ಒಂದು ಗಂಟೆ. ವೈದ್ಯರು ಎಂಟು ಗಂಟೆಗೊಮ್ಮೆ ಎಂದು ಬರೆದರೆ ಅದು ಊಟ-ತಿಂಡಿಯ ಅನುಕೂಲಕ್ಕಾಗಿ ಬರೆದ ಮಾತಲ್ಲ. ರಾತ್ರಿಪಾಳಿಯವರು ಮನೆಗೆ ಬಂದು ಮಲಗಿ, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಿದರೆ ಲೆಕ್ಕ ಸರಿಹೋಗುವುದಿಲ್ಲ.

ಇದು ಹೊರಗಿನ ವೈರಿಯನ್ನು ಕೊಲ್ಲುವ ಮದ್ದಿನ ಮಾತಾಯಿತು. ದೇಹದಲ್ಲಿಯೇ ಇರಬೇಕಾಗಿದ್ದು, ಇಲ್ಲವಾದುದನ್ನು ಹೊರಗಿನಿಂದ ತುಂಬಿಕೊಡುವ ಮದ್ದಿನ ಕಥೆಯೇ ಬೇರೆ. ಅದಕ್ಕೆ ಇನ್ಸುಲಿನ್ನಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅದಕ್ಕಾಗಿ ಪೀಣ್ಯವನ್ನು ಬಿಟ್ಟು ಊರಿನ ಇನ್ನೊಂದು ತುದಿಗೆ, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗಬೇಕು.

ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಮರುವರ್ಷ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಲಾಯಿತು. ಸಾವಿನ ಬಾಗಿಲಲ್ಲಿದ್ದವನು ಬದುಕಿಕೊಂಡ. ಅಂದಿನಿಂದ ಹಲವಾರು ದಶಕಗಳ ಕಾಲ ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ತೆಗೆಯುತ್ತಿದ್ದರು. 51 ಮಣಿಗಳ ಸರದಂತಿರುವ ಈ ಪ್ರೋಟೀನಿನಲ್ಲಿ ಹಂದಿಗೂ ಮನುಷ್ಯನಿಗೂ ಒಂದೇ ಮಣಿಯ ವ್ಯತ್ಯಾಸ, ದನಕ್ಕೂ ಮನುಷ್ಯನಿಗೂ ಮೂರರದು. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಕ್ಕೆ ಮನುಷ್ಯನ ಜೀನನ್ನು ಕೊಟ್ಟು ಮಾನವ ಇನ್ಸುಲಿನ್ನನ್ನೇ ಮಾಡಿಸುವ ಉಪಾಯ ಬಳಕೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ಮಾಡಿಸಿ, ‘ಇನ್ಸುಜೆನ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಇಳಿಸಿತು. ಕಿರಣ್ ಮಜುಂದಾರ್ ಅವರು 1978ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿದಾಗ ತಯಾರಾಗುತ್ತಿದ್ದ ಪದಾರ್ಥಗಳಲ್ಲೊಂದು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪಾಯಿನ್. ಪ್ರೋಟೀನನ್ನು ಕತ್ತರಿಸಿ ಹಾಕುವ ಕಿಣ್ವ ಅದು. ಪ್ರೋಟೀನು ಕತ್ತರಿಸುವ ಕಿಣ್ವದಿಂದ ಮೊದಲಾದವರು ಕೈಯಿಟ್ಟ ಮದ್ದು ಕಿಣ್ವದ ಕತ್ತರಿಗೆ ಸಿಕ್ಕಬಾರದ ಪ್ರೋಟೀನೆಂಬುದು ಸ್ವಾರಸ್ಯದ ಸಂಗತಿ.

ಏಕೆಂದರೆ ಇನ್ಸುಲಿನ್ನನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಜೀರ್ಣಿಸಿಬಿಡುತ್ತದೆ. ಸೂಜಿ ಬೇಕಾದದ್ದು ಇದಕ್ಕಾಗಿ. ನುಂಗುವಂಥ ಇನ್ಸುಲಿನ್ನನ್ನು ಮಾಡಲು ಬಯೋಕಾನ್ ಸಹ ಹವಣಿಸಿತು. 2011ರಲ್ಲಿ ಹೊರಬಿದ್ದ ಪರೀಕ್ಷೆಯ ಫಲ ನಿಗದಿಯಾಗಿದ್ದ ಗುರಿಯನ್ನು ಮುಟ್ಟಲಿಲ್ಲ. ಬರಿಯ ಹುಸಿಮಾತ್ರೆಯನ್ನು ನುಂಗಿದವರಲ್ಲಿಯೂ ಸಕ್ಕರೆ ನಿರೀಕ್ಷೆಗೆ ಮೀರಿ ಇಳಿದಿದ್ದುದೇ ತೊಡಕಾಯಿತು. ಮದ್ದು ತೆಗೆದುಕೊಳ್ಳುತ್ತಿದ್ದೇನೆಂಬ ಎಚ್ಚರದಿಂದ ಮನುಷ್ಯ ಪಥ್ಯ ಹಿಡಿಯುತ್ತಾನೆ, ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತಾನೆ. ಹುಸಿಮಾತ್ರೆಯೊಡನೆ ಹೋಲಿಸದೆ ಯಾವ ಮದ್ದಿನ ಗುಣವನ್ನೂ ನಂಬಲಾಗದೆಂದು ಔಷಧಶಾಸ್ತ್ರಜ್ಞರು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ಚರ್ಮದ ಅಡಿಯಿಂದ ರಕ್ತಕ್ಕೆ ಸೇರಿದ ಇನ್ಸುಲಿನ್ ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕವನ್ನು ಹಿಡಿಯುತ್ತದೆ. ಗ್ರಾಹಕವೆಂದರೆ ಇಲ್ಲಿ ಅಂಗಡಿಯ ಗಿರಾಕಿಯಲ್ಲ. ಒಂದೇ ಬಗೆಯ ಕೀಲಿಗೆ ತಿರುಗುವ ಬೀಗ. ಬೀಗ ತಿರುಗಿದೊಡನೆ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗಿದ್ದ ಸಕ್ಕರೆಯ ಬಾಗಿಲುಗಳು ಹೊರಮೈಗೆ ಬಂದು ತೆರೆದುಕೊಳ್ಳುತ್ತವೆ. ರಕ್ತದ ಸಕ್ಕರೆ ಒಳಗೆ ಹೋಗುತ್ತದೆ. ಬೀಗದೊಳಗೆ ಹೊಕ್ಕು ತಾನೂ ತಿರುಗದೆ, ಬೇರೆ ಕೀಲಿಗೂ ಎಡೆಗೊಡದೆ ಕುಳಿತುಬಿಡುವ ಮದ್ದುಗಳೂ ಉಂಟು. ರಕ್ತದೊತ್ತಡಕ್ಕೆ ಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್ ಮೊದಲಾದವು ಆ ಗುಂಪಿಗೆ ಸೇರಿದವು.

ಸಾಧಾರಣ ಇನ್ಸುಲಿನ್ ಚುಚ್ಚಿದ ಸುಮಾರು ಅರ್ಧ ಗಂಟೆಗೆ ಕೆಲಸಕ್ಕೆ ತೊಡಗಿ, ಎರಡರಿಂದ ನಾಲ್ಕು ಗಂಟೆಯೊಳಗೆ ಶಿಖರಕ್ಕೇರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಿ ಎಂದು ವೈದ್ಯರು ಹೇಳುವುದರ ಮರ್ಮ ಇದು. ಮದ್ದು ಊಟಕ್ಕಾಗಿ ಕಾಯುವುದಿಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಯ ಕಚೇರಿಯಲ್ಲಿ ಸಂಜೆಯ ಇನ್ಸುಲಿನ್ನನ್ನು ಚುಚ್ಚಿಕೊಂಡು, ಮನೆಗೆ ಹೋಗಿ ಬಿಸಿಯಾಗಿ ಊಟ ಮಾಡಿದರಾಯಿತೆಂದು ಬಸ್ಸು ಹತ್ತುವವರ ಗತಿಯನ್ನು ಯೋಚಿಸಬೇಕು. ಸಿಲ್ಕ್ ಬೋರ್ಡಿನ ಬಳಿಯ ವಾಹನಸಂದಣಿಯಲ್ಲಿ ಒಂದು ಗಂಟೆ ನಿಂತರೆ ಊಟ ಇನ್ನೂ ಮನೆಯಲ್ಲಿ, ಮದ್ದು ಆಗಲೇ ರಕ್ತದಲ್ಲಿ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಮಾತು ತೊದಲುತ್ತದೆ. ಪಕ್ಕದವರು ಕುಡಿದಿದ್ದಾನೆಂದು ಮುಖ ತಿರುಗಿಸಲೂಬಹುದು. ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದ ಸ್ಥಿತಿ ಇದು. ಎಚ್ಚರವಿರುವವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಕೂಡದು, ಅದು ಶ್ವಾಸನಾಳಕ್ಕೆ ಇಳಿದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡಿನಂಥ ಮಾತ್ರೆಗಳಿಂದಲೂ ಇದೇ ಅಪಾಯ ಒದಗಬಹುದು. ಮೇಲೆ ಹೇಳಿದ ಅಟೆನೊಲಾಲಿನ ಗುಂಪಿನ ಮದ್ದನ್ನೂ ಅದೇ ವ್ಯಕ್ತಿ ಸೇವಿಸುತ್ತಿದ್ದರೆ ನಡುಕ ಮತ್ತು ಎದೆಬಡಿತ ಮರೆಯಾಗಿ, ಬೆವರೊಂದೇ ಸೂಚನೆಯಾಗಿ ಉಳಿದೀತು. ಎರಡು ಮದ್ದುಗಳು ಒಂದೇ ಮೈಯಲ್ಲಿ ಕೂಡಿದಾಗ ನಡೆಯುವ ಇಂಥ ವ್ಯವಹಾರವನ್ನು ತಿಳಿಯದ ವೈದ್ಯರಿಲ್ಲ. ಆದರೆ ಹೃದಯಕ್ಕೊಬ್ಬರು, ಸಕ್ಕರೆಗೊಬ್ಬರು ಎಂದು ವೈದ್ಯರನ್ನು ಹಂಚಿಕೊಂಡ ಮನೆಗಳಲ್ಲಿ, ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ಕೆಲಸ ಮನೆಯವರದೇ.

ಇನ್ಸುಲಿನ್ನಿನ ಅಳತೆ ಮಿಲಿಗ್ರಾಮಿನಲ್ಲಿಲ್ಲ, ಯೂನಿಟ್ಟಿನಲ್ಲಿದೆ. ಮೊದಲಿಗೆ ಅದನ್ನು ಮೊಲದ ರಕ್ತದ ಸಕ್ಕರೆಯನ್ನು ಇಳಿಸುವ ಶಕ್ತಿಯಿಂದ ಅಳೆದಿದ್ದರು. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಗಳೂ 100 ಯೂನಿಟ್ಟಿನವೂ ಸಿಗುತ್ತವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. 100ರ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ಹತ್ತರ ಗೆರೆಗೆ ಇಪ್ಪತ್ತೈದು ಯೂನಿಟ್ಟು ಮೈಗೆ ಸೇರುತ್ತದೆ. ಅಜ್ಜಿಗೆ ಕಣ್ಣು ಮಂಜಾಗಿರುವ ಮನೆಯಲ್ಲಿ ಅಂಗಡಿಯಿಂದ ತಂದ ದಿನವೇ ಸೀಸೆಯನ್ನೂ ಸಿರಿಂಜನ್ನೂ ಬೇರೆಯವರೊಬ್ಬರು ಪಕ್ಕಪಕ್ಕದಲ್ಲಿಟ್ಟು ಓದಿ ನೋಡುವುದು ಕ್ಷೇಮ.

ತೆರೆಯದ ಸೀಸೆಯನ್ನು ಶೀತಕಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಮಂಜುಗಡ್ಡೆಯ ಗೂಡಿನಲ್ಲಿ ಇಟ್ಟು ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಬಳಕೆಗೆ ಬಾರದು. ಪೆಟ್ಟಿಗೆಯಿಲ್ಲದ ಮನೆಗಳಲ್ಲಿ, ಎರಡು ಮಣ್ಣಿನ ಮಡಕೆಗಳನ್ನು ಒಂದರೊಳಗೊಂದು ಇಟ್ಟು, ನಡುವಿನ ಮರಳಿಗೆ ನೀರು ಚಿಮುಕಿಸಿ, ನೆರಳಿನಲ್ಲಿ ಕಾಪಾಡುವ ರೂಢಿಯೂ ಉಂಟು. ಬಳಕೆಯಲ್ಲಿರುವ ಸೀಸೆಯ ಮೇಲೆ ತೆರೆದ ದಿನಾಂಕವನ್ನು ಬರೆದಿಡಬೇಕು. ಸಾಮಾನ್ಯವಾಗಿ ನಾಲ್ಕು ವಾರ ಕಳೆದ ಮೇಲೆ, ಒಳಗೆ ಮದ್ದು ಉಳಿದಿದ್ದರೂ, ಅದನ್ನು ಚುಚ್ಚಿಕೊಳ್ಳಬಾರದು.