1983ನೆಯ ಇಸವಿಯೂ ನಮ್ಮ ಆಟದ ಉದ್ಯಮವೂ

ಗಣಕಯಂತ್ರದ ಆಟಗಳನ್ನು ರಚಿಸುವ ಉದ್ಯಮವನ್ನು ನಮ್ಮ ನಾಡಿನಲ್ಲಿ ಬೆಳೆಸತಕ್ಕದ್ದೆಂದು ಕರ್ನಾಟಕ ಸರ್ಕಾರವು 2012ರಲ್ಲಿ ಒಂದು ನೀತಿಯನ್ನೂ 2024ರಲ್ಲಿ ಮತ್ತೊಂದು ನೀತಿಯನ್ನೂ ಪ್ರಕಟಿಸಿದ ಸಂಗತಿಯು ವಾಚಕರಿಗೆ ವಿದಿತವೇ ಆಗಿದೆ. ಉದ್ದೇಶವು ಸ್ತುತ್ಯವಾದುದು. ಆದರೆ ನೀತಿಯ ಪುಸ್ತಕದಲ್ಲಿ ಏನೇ ಇರಲಿ, ವೇದಿಕೆಯ ಮೇಲೆ ಕೇಳಿಬರುವುದು ಎಷ್ಟು ಮಂದಿಗೆ ಉದ್ಯೋಗ, ಎಷ್ಟು ಕೋಟಿ ಬಂಡವಾಳ ಎಂಬ ಲೆಕ್ಕವೊಂದೇ. ಮಾಡಿದ ವಸ್ತುವಿನ ಮೇಲೆ ಸ್ವಾಮ್ಯವು ಯಾರದು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯು ಎಷ್ಟು ಗುರುತರವಾದುದೆಂದು ತಿಳಿಯಲಿಚ್ಛಿಸುವವರು 1983ನೆಯ ಇಸವಿಯ ವೃತ್ತಾಂತವನ್ನು ಒಮ್ಮೆ ತೆರೆದು ನೋಡಬೇಕೆಂದು ನಾವು ಪ್ರಾರ್ಥಿಸುತ್ತೇವೆ.

ಆ ವರ್ಷದ ಜನವರಿ 1ರಂದು ಅಮೇರಿಕದ ರಕ್ಷಣಾ ಇಲಾಖೆಗೆ ಸೇರಿದ ಅರ್ಪಾನೆಟ್ ಎಂಬ ಗಣಕಜಾಲವು ಹಳೆಯ ನಿಯಮಗಳನ್ನು ತೊರೆದು ಟಿಸಿಪಿ ಐಪಿ ಎಂಬ ಹೊಸ ನಿಯಮಗಳನ್ನು ಅಂಗೀಕರಿಸಿತು. ಇಂದಿನ ಇಂಟರ್ನೆಟ್ಟು ನಿಂತಿರುವುದು ಆ ತಳಹದಿಯ ಮೇಲೆ. ಅದೇ ತಿಂಗಳಲ್ಲಿ ಆಪಲ್ ಕಂಪನಿಯವರು ಮೌಸಿನಿಂದ ನಡೆಸತಕ್ಕ ಲಿಸಾ ಎಂಬ ಯಂತ್ರವನ್ನು 9,995 ಡಾಲರಿನ ಬೆಲೆಗೆ ಹೊರತಂದರು. ಬೆಲೆಯ ದೆಸೆಯಿಂದ ಅದು ಸಾಮಾನ್ಯರಿಗೆ ದೂರವೇ ಉಳಿಯಿತು. ಇವು ಬಲ್ಲವರ ವಲಯದ ಸುದ್ದಿಗಳು. ಅಮೇರಿಕದ ಜನಸಾಮಾನ್ಯರ ಮನೆಯನ್ನು ಅದಾಗಲೇ ಹೊಕ್ಕಿದ್ದ ಗಣಕವಾದರೋ ಆಟದ ಪೆಟ್ಟಿಗೆ. ಆ ವರ್ಷದ ಮಹಾ ಅನಾಹುತವು ಸಂಭವಿಸಿದ್ದೂ ಅಲ್ಲಿಯೇ.

ಅಟಾರಿ ಎಂಬ ಕಂಪನಿಯು ಆ ಕಾಲದಲ್ಲಿ ಆಟದ ಪೆಟ್ಟಿಗೆಗಳ ವ್ಯಾಪಾರದಲ್ಲಿ ಸಾರ್ವಭೌಮನಂತಿತ್ತು. ಆದರೆ ಆಟಗಳನ್ನು ರಚಿಸಿದವರ ಹೆಸರನ್ನು ಅದು ಎಲ್ಲಿಯೂ ಅಚ್ಚು ಹಾಕಿಸಲಿಲ್ಲ. ಲಾಭದಲ್ಲಿ ಪಾಲನ್ನೂ ಕೊಡಲಿಲ್ಲ. ಮನನೊಂದ ನಾಲ್ವರು ರಚನಕಾರರು 1979ರಲ್ಲಿ ಹೊರಬಿದ್ದು ಆಕ್ಟಿವಿಷನ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ಅಟಾರಿಯು ದಾವೆ ಹೂಡಿತು, ಕೊನೆಗೆ ರಾಜಿಯಾಯಿತು. ಅಲ್ಲಿಂದ ಮುಂದೆ ಅಟಾರಿಯ ಪೆಟ್ಟಿಗೆಗೆ ಆಟವನ್ನು ಯಾರು ಬೇಕಾದರೂ ಮಾಡಬಹುದೆಂದಾಗಲು, ಕಂಡ ಕಂಡ ವರ್ತಕರೆಲ್ಲ ಈ ಕಣಕ್ಕೆ ಧುಮುಕಿದರು. ಓಟ್ಸ್ ಧಾನ್ಯ ಮಾರುವ ಕ್ವೇಕರ್ ಕಂಪನಿಯವರೂ ಒಂದು ಆಟದ ಸಂಸ್ಥೆಯನ್ನು ಇಟ್ಟುಕೊಂಡರೆಂದ ಮೇಲೆ ಉಳಿದವರ ಮಾತೇನು! ಅಂಗಡಿಗಳಲ್ಲಿ ಜೊಳ್ಳು ತುಂಬಿತು. ಇತ್ತ ಅಟಾರಿಯು ಇ.ಟಿ. ಎಂಬ ಸಿನಿಮಾದ ಹೆಸರಿಗೆ ಅಪಾರ ಹಣ ತೆತ್ತು, 1982ರ ಕ್ರಿಸ್‌ಮಸ್ ವ್ಯಾಪಾರಕ್ಕೆ ಸಿದ್ಧವಾಗಲೇಬೇಕೆಂದು ಹೊವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬ ರಚನಕಾರರ ಕೈಯಿಂದ ಸುಮಾರು ಐದೇ ವಾರಗಳಲ್ಲಿ ಆಟವನ್ನು ಮುಗಿಸಿಸಿತು. ಸುಮಾರು 40 ಲಕ್ಷ ಪ್ರತಿಗಳು ತಯಾರಾದುವು. ಬಹುಭಾಗವು ಮಾರಾಟವಾಗದೆ ಉಳಿಯಿತು. 1983ರ ಒಂದೇ ವರ್ಷದಲ್ಲಿ ಕಂಪನಿಗೆ ಆದ ನಷ್ಟವು 50 ಕೋಟಿ ಡಾಲರುಗಳನ್ನು ಮೀರಿತು. ಸೆಪ್ಟೆಂಬರ್ ತಿಂಗಳಲ್ಲಿ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ಹೇರಿ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದು ನೋಡಿದಾಗ ಆ ಆಟಗಳು ದೊರೆತುವು. ಆ ಒಂದು ಆಟವೇ ಉದ್ಯಮವನ್ನು ಕೆಡಿಸಿತೆಂದು ಹೇಳುವ ರೂಢಿಯುಂಟು. ಅದು ಅನ್ಯಾಯವಾದ ಮಾತು. ಯಜಮಾನರ ಅತ್ಯಾಶೆಯ ಹೊರೆಯನ್ನು ಐದು ವಾರ ಹಗಲಿರುಳು ದುಡಿದವನ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯ?

ಇದೇ ವರ್ಷದ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯವರು ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು 14,800 ಯೆನ್ ಬೆಲೆಗೆ ಮಾರಲಾರಂಭಿಸಿದರು. ಕ್ಯೋಟೊ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡಲು ಹುಟ್ಟಿದ ಮನೆತನದ ಕಂಪನಿ ಅದು. ಇಲ್ಲಿ ವಾಚಕರು ಲಕ್ಷ್ಯಕೊಡತಕ್ಕ ಸಂಗತಿಯೊಂದಿದೆ. ಆ ಪೆಟ್ಟಿಗೆಯ ಹೃದಯವಾದ ಚಿಪ್ಪಿನ ಮೂಲ ವಿನ್ಯಾಸವು ಜಪಾನಿನದಲ್ಲ. 1975ರಲ್ಲಿ ಅಮೇರಿಕದಲ್ಲಿ ಹುಟ್ಟಿದ 6502 ಎಂಬುದು. ಅಟಾರಿಯ ಪೆಟ್ಟಿಗೆಯೊಳಗಿದ್ದುದೂ ಅದೇ ಕುಲದ ಚಿಪ್ಪೇ! ಕಲ್ಲು ಒಂದೇ, ಒಬ್ಬನು ಗುಡಿ ಕಟ್ಟಿದನು, ಇನ್ನೊಬ್ಬನು ಗುಂಡಿ ತುಂಬಿದನು. ಕ್ಯೋಟೊದವರಲ್ಲಿ ತಮ್ಮದೇ ಆದ ಆಟವಿತ್ತು: ಮಿಯಾಮೊಟೊ ಎಂಬ ಚಿತ್ರಕಾರರು 1981ರಲ್ಲಿ ಕಲ್ಪಿಸಿದ ಡಾಂಕಿ ಕಾಂಗ್. ಮೊದಲ ಪೆಟ್ಟಿಗೆಗಳಲ್ಲಿ ಚಿಪ್ಪಿನ ದೋಷ ಕಂಡುಬರಲು, ಮಾರಿದ್ದನ್ನು ಹಿಂದಕ್ಕೆ ತರಿಸಿಕೊಂಡು ಸರಿಪಡಿಸಿಕೊಟ್ಟರು. ಇದೇ ಕಂಪನಿಯು 1985ರಲ್ಲಿ ಅಮೇರಿಕವನ್ನು ಹೊಕ್ಕಾಗ ತನ್ನ ಅಪ್ಪಣೆಯಿಲ್ಲದ ಆಟಗಳು ನಡೆಯದಂತೆ ಪೆಟ್ಟಿಗೆಯೊಳಗೆ ಬೀಗದ ಚಿಪ್ಪೊಂದನ್ನು ಇಟ್ಟಿತೆಂಬುದನ್ನೂ ನಾವು ಬಲ್ಲೆವು. ಆದ್ದರಿಂದ ಅದನ್ನು ಸಾಧುಗಳ ಮಠವೆಂದು ಹೊಗಳಲು ನಾವು ಸಿದ್ಧರಿಲ್ಲ. ಅವರು ಮಾಡಿದ ವಸ್ತುವು ಅವರದೇ ಆಗಿತ್ತೆಂಬುದಷ್ಟೇ ನಮಗೆ ಬೇಕಾದ ಅಂಶ.

ಇನ್ನು ನಮ್ಮ ಊರಿಗೆ ಬರೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1981ರಲ್ಲಿ 525 ಡಾಲರಿಗೆ ಮಾರುತ್ತಿದ್ದ ತನ್ನ ಮನೆಗಣಕವನ್ನು, ಕೊಮೊಡೋರ್ ಕಂಪನಿಯೊಡನೆ ನಡೆದ ಬೆಲೆಯ ಯುದ್ಧದಲ್ಲಿ ಸಿಕ್ಕು 100 ಡಾಲರಿಗೂ ಕೆಳಗೆ ಇಳಿಸಿ, 1983ರ ಅಕ್ಟೋಬರಿನಲ್ಲಿ ಆ ವ್ಯಾಪಾರವನ್ನೇ ಬಿಟ್ಟಿತು. ಅದೇ ಕಂಪನಿಯು 1985ರಲ್ಲಿ ಬೆಂಗಳೂರಿಗೆ ಬಂದು ಚಿಪ್‌ಗಳ ವಿನ್ಯಾಸ ಕೇಂದ್ರವನ್ನು ತೆರೆಯಿತು. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ಸಂಸ್ಥೆಯು ಬೆಂಗಳೂರಿಗೆ ಸ್ಥಳಾಂತರಗೊಂಡದ್ದು 1983ರಲ್ಲಿಯೇ. ನಮ್ಮ ತರುಣರ ಬುದ್ಧಿಗೆ ಜಗತ್ತಿನಲ್ಲಿ ಬೆಲೆಯುಂಟೆಂಬುದು ಆಗ ಸಿದ್ಧವಾಯಿತು. ಆದರೆ ಬೆಲೆ ಕಟ್ಟಿದ್ದು ಗಂಟೆಗಳ ಲೆಕ್ಕದಲ್ಲಿ. ಸಾವಿರಾರು ಮನೆಗಳ ಒಲೆ ಉರಿಸಿದ ದುಡಿಮೆಯನ್ನು ನಾವು ಹಳಿಯುವುದಿಲ್ಲ; ಹಳಿಯುವವರು ಕೃತಘ್ನರು.

ಆಟದ ಉದ್ಯಮದಲ್ಲಿ ಈ ದಾರಿಯು ಎಲ್ಲಿಗೆ ಮುಟ್ಟಿಸಿತೆಂಬುದಕ್ಕೆ ಒಂದೇ ನಿದರ್ಶನ ಸಾಕು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹಿರಿಯದು. ಪರದೇಶದ ಕಂಪನಿಗಳ ಆಟಗಳಿಗೆ ಚಿತ್ರಗಳನ್ನೂ ಆಕೃತಿಗಳನ್ನೂ ರಚಿಸಿಕೊಟ್ಟು ಅದು ಕೀರ್ತಿಯನ್ನು ಪಡೆಯಿತು. 2019ರಲ್ಲಿ ಅದನ್ನು ಅಮೇರಿಕದ ರಾಕ್‌ಸ್ಟಾರ್ ಕಂಪನಿಯು ಸುಮಾರು 79 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ಆ ರಾಕ್‌ಸ್ಟಾರಿನದೇ ಒಂದು ಆಟವು, ಗ್ರ್ಯಾಂಡ್ ಥೆಫ್ಟ್ ಆಟೋ ಎಂಬುದರ ಐದನೆಯದು, 2013ರಲ್ಲಿ ಪೇಟೆಗೆ ಬಂದ ಮೂರೇ ದಿನಗಳಲ್ಲಿ 100 ಕೋಟಿ ಡಾಲರುಗಳ ವ್ಯಾಪಾರ ಮಾಡಿತ್ತು. ಇಪ್ಪತ್ತೆರಡು ವರ್ಷಗಳ ಕೌಶಲಕ್ಕೆ ಬಂದ ಬೆಲೆಯನ್ನೂ ಸ್ವಾಮ್ಯವುಳ್ಳ ಒಂದು ಕೃತಿಯ ಮೂರು ದಿನಗಳ ಗಳಿಕೆಯನ್ನೂ ವಾಚಕರು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

1983ರ ಸೆಪ್ಟೆಂಬರ್ 27ರಂದು, ಅಟಾರಿಯವರು ಸರಕು ಹೂಳಿದ ತಿಂಗಳಿನಲ್ಲಿಯೇ, ರಿಚರ್ಡ್ ಸ್ಟಾಲ್ಮನ್ ಎಂಬುವರು ಯುನಿಕ್ಸ್‌ಗೆ ಹೊಂದುವ ಸಂಪೂರ್ಣ ತಂತ್ರಾಂಶವೊಂದನ್ನು ಬರೆದು ಸರ್ವರಿಗೂ ಮುಕ್ತವಾಗಿ ಕೊಡುವೆನೆಂದು ಸಾರಿದರು. ಗಣಕಕ್ಕೆ ಹಾಕಿದ ಬೀಗವನ್ನು ತೆಗೆಯುವ ಈ ಸಂಕಲ್ಪದಿಂದ ಹುಟ್ಟಿದ ಗ್ನೂ ತಂತ್ರಾಂಶವು ಮುಂದೆ ಲಿನಕ್ಸ್‌ನೊಡನೆ ಸೇರಿ ಲೋಕವನ್ನು ವ್ಯಾಪಿಸಿತು. ಆ ಮುಕ್ತದ್ವಾರದ ಮೂಲಕವೇ ನಮ್ಮ ಸ್ವಯಂಸೇವಕರು ಯಾರ ಅಪ್ಪಣೆಗೂ ಕಾಯದೆ ಗಣಕದ ಪರದೆಗೆ ಕನ್ನಡವನ್ನು ತಂದರು. ಬಂಡವಾಳವಿಲ್ಲದ ನಾಡಿಗೆ ಸ್ವಂತದ್ದನ್ನು ಕಟ್ಟಲು ದಾರಿಯಿಲ್ಲವೆಂದು ಗೊಣಗುವವರು ಇದನ್ನು ಮರೆಯುತ್ತಾರೆ. ಇಂದು ಗೋಡೋದಂಥ ಆಟ ಕಟ್ಟುವ ಸಲಕರಣೆಯೂ ಮುಕ್ತವಾಗಿಯೇ ದೊರೆಯುತ್ತಿದೆ.

ಆದುದರಿಂದ ಸರ್ಕಾರದವರು ಮಾಡತಕ್ಕದ್ದೇನೆಂಬುದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಸಹಾಯಧನವನ್ನು ಬೇಡುವ ಪ್ರತಿಯೊಂದು ಅರ್ಜಿಯಲ್ಲಿಯೂ ಆಗುವ ಆಟದ ಸ್ವಾಮ್ಯವು ಯಾರಲ್ಲಿ ಉಳಿಯುವುದೆಂದು ಬರೆಯಿಸಬೇಕು. ಧನದ ಅರ್ಧಭಾಗವನ್ನಾದರೂ ತಮ್ಮ ಕೃತಿಯನ್ನು ತಾವೇ ಇಟ್ಟುಕೊಳ್ಳುವ ಚಿಕ್ಕ ಗುಂಪುಗಳಿಗೆ, ಬೆಂಗಳೂರಿನವರಿಗಷ್ಟೇ ಅಲ್ಲದೆ ಹುಬ್ಬಳ್ಳಿ, ಮಂಗಳೂರು, ಮೈಸೂರು, ಕಲಬುರಗಿಯವರಿಗೂ, ಮೀಸಲಿಡಬೇಕು. ರಚನಕಾರರ ಹೆಸರುಗಳು ಕೃತಿಯಲ್ಲಿ ಕಾಣದಿದ್ದರೆ ಎರಡನೆಯ ಕಂತನ್ನು ತಡೆಹಿಡಿಯಬೇಕು. ಚೌಕಾಬಾರ, ಅಳಗುಳಿಮಣೆ, ಹುಲಿಕಟ್ಟು ಮುಂತಾದವುಗಳನ್ನು ಕಲ್ಪಿಸಿದ ನಾಡಿನ ಮಕ್ಕಳಿಗೆ ಆಟ ಕಟ್ಟುವ ಬುದ್ಧಿಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಸಂಬಂಧಪಟ್ಟ ಸಚಿವರು ಈ ಮೂರು ಅಂಶಗಳನ್ನು ಕುರಿತು ಮುಂದಿನ ಅಧಿವೇಶನದಲ್ಲಿ ತಮ್ಮ ಅಭಿಪ್ರಾಯವನ್ನು ತಿಳಿಸುವರೆಂದು ನಿರೀಕ್ಷಿಸುತ್ತೇವೆ.